ಮುಖಪುಟ ನೋಡಿ ಅಂಕ ಕೊಡಬೇಡಿ

ಓದುಗರ ಪ್ರಶ್ನೋತ್ತರ: ದೇಶದೇಶಗಳ ಸರ್ಕಾರಿ ಪೋರ್ಟಲ್‌ಗಳು

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗಾಗಿ ಐದು ದೇಶಗಳ ಸರ್ಕಾರಿ ಪೋರ್ಟಲ್‌ಗಳನ್ನು ಹೋಲಿಸುತ್ತಿದ್ದೇನೆ. ಮುಖಪುಟಗಳ ಬಣ್ಣ, ಚಿತ್ರ, ಮೆನು, ಅಕ್ಷರಶೈಲಿ ಎಲ್ಲ ಪಟ್ಟಿ ಮಾಡಿದ್ದಾಯಿತು. ‘ಇಷ್ಟು ಸಾಲದು’ ಎಂದು ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ. ಇನ್ನೇನು ಹೋಲಿಸಲಿ?

ಉತ್ತರ: ಮಾರ್ಗದರ್ಶಕರು ಹೇಳಿದ್ದು ಸರಿ. ಸರ್ಕಾರಿ ಪೋರ್ಟಲ್‌ಗೆ ಮುಂಬಾಗಿಲಿನಿಂದ ಬರುವವರು ಕಡಿಮೆ. ‘ಪಾಸ್‌ಪೋರ್ಟ್ ನವೀಕರಣ’ ಎಂದು ಹುಡುಕುತಾಣದಲ್ಲಿ ಬರೆದು ನೇರವಾಗಿ ಒಳಪುಟಕ್ಕೇ ಬಂದಿಳಿಯುತ್ತಾರೆ. ಹಾಗಾಗಿ ಪುಟಗಳನ್ನು ಬಿಟ್ಟು ಕೆಲಸಗಳನ್ನು ಹೋಲಿಸಿ.

ಎಲ್ಲ ದೇಶಗಳಲ್ಲೂ ಇರುವ ಮೂರು ಕೆಲಸ ಆರಿಸಿಕೊಳ್ಳಿ: ಪಾಸ್‌ಪೋರ್ಟ್ ನವೀಕರಣ, ಮಗುವಿನ ಜನನ ನೋಂದಣಿ, ವಿಳಾಸ ಬದಲಾವಣೆ. ಮೊದಲನೆಯದು ಬಹುಮಟ್ಟಿಗೆ ಒಂದೇ ಇಲಾಖೆಯೊಳಗೆ ಮುಗಿಯುತ್ತದೆ. ಎರಡನೆಯದಕ್ಕೆ ಆಸ್ಪತ್ರೆ ಮತ್ತು ಸ್ಥಳೀಯ ಆಡಳಿತ ಮಾತಾಡಿಕೊಳ್ಳಬೇಕು. ಮೂರನೆಯದು ತೆರಿಗೆ, ಮತದಾರರ ಪಟ್ಟಿ, ವಾಹನ ಪರವಾನಗಿ ಹೀಗೆ ಹಲವು ಕಡೆ ತಲುಪಬೇಕು. ಮುಖಪುಟ ಎಷ್ಟೇ ಚೆಂದವಿದ್ದರೂ ಪೋರ್ಟಲ್‌ನ ಬಂಡವಾಳ ಬಯಲಾಗುವುದು ಈ ಮೂರನೆಯದರಲ್ಲಿ.

ಪ್ರತಿ ಕೆಲಸಕ್ಕೂ ಇವನ್ನು ಬರೆದುಕೊಳ್ಳಿ. ಹುಡುಕಾಟದಿಂದ ಸರಿಯಾದ ಪುಟ ತಲುಪಲು ಎಷ್ಟು ಕ್ಲಿಕ್ ಬೇಕಾಯಿತು. ಶುಲ್ಕ, ತಗಲುವ ದಿನಗಳು, ಬೇಕಾದ ದಾಖಲೆಗಳು ಅರ್ಜಿ ಶುರುವಾಗುವ ಮೊದಲೇ ಗೊತ್ತಾದವೇ, ಅಥವಾ ನಡುವಿನಲ್ಲೇ? ಲಾಗಿನ್ ಕೇಳಿದ್ದು ಎಷ್ಟನೇ ಹೆಜ್ಜೆಯಲ್ಲಿ? ಎಷ್ಟು ಮಾಹಿತಿ ತುಂಬಿಸಬೇಕು, ಅದರಲ್ಲಿ ಸರ್ಕಾರದ ಬಳಿ ಆಗಲೇ ಇರುವುದು ಎಷ್ಟು? ಈ ಕೊನೆಯ ಎಣಿಕೆಯನ್ನು ಎಷ್ಟೋ ವರದಿಗಳು ಬಿಟ್ಟುಬಿಡುತ್ತವೆ. ನಿಮ್ಮ ವರದಿಗೆ ತೂಕ ಬರುವುದು ಅದರಿಂದಲೇ.

ಪರೀಕ್ಷೆ ಮಾಡುವ ಸ್ಥಿತಿ ಎಲ್ಲ ದೇಶಗಳಿಗೂ ಒಂದೇ ಇರಲಿ. ಬ್ರೌಸರ್‌ನ ಡೆವಲಪರ್ ಉಪಕರಣದಲ್ಲಿ ಪರದೆಯ ಅಗಲವನ್ನು 360 ಪಿಕ್ಸೆಲ್‌ಗೆ ಇಳಿಸಿ, ಜಾಲದ ವೇಗವನ್ನು 3ಜಿ ಮಟ್ಟಕ್ಕೆ ತಗ್ಗಿಸಿ, ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪುಟಗಳ ಸಂಗ್ರಹವನ್ನು (ಕ್ಯಾಶ್) ಅಳಿಸಿ ಒಮ್ಮೆ ನೋಡಿ. ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಷ್ಟೇ ಒಮ್ಮೆ ಓಡಾಡಿ. ಈಗ ಎಲ್ಲಿದ್ದೀರಿ ಎಂಬ ಗುರುತು ಪರದೆಯಲ್ಲಿ ಕಾಣದಿದ್ದರೆ ಅದು ದೋಷ. ಪುಟವನ್ನು ಶೇ 400ಕ್ಕೆ ಹಿಗ್ಗಿಸಿದಾಗ ಅಡ್ಡಡ್ಡ ಜಾರಿಸಿ ಓದಬೇಕಾಗಿ ಬಂದರೆ ಅದೂ ದೋಷವೇ. ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸ ಬೇಕು. ದೊಡ್ಡ ಅಕ್ಷರಕ್ಕಾದರೆ 3:1 ಸಾಕು. ಅದರ 2023ರ ಆವೃತ್ತಿ, ಅಂದರೆ 2.2, ಒತ್ತುವ ಗುಂಡಿಗಳಿಗೆ ಕನಿಷ್ಠ 24 × 24 ಪಿಕ್ಸೆಲ್ ಜಾಗ ಕೇಳುತ್ತದೆ.

ಎಡವುವ ಜಾಗಗಳೂ ಇವೆ. ಲಾಗಿನ್‌ನ ಆಚೆಗೆ ನೀವು ಹೋಗಲಾರಿರಿ. ಸುಳ್ಳು ಮಾಹಿತಿ ತುಂಬಿ ಅರ್ಜಿ ಸಲ್ಲಿಸುವುದು ಅಪರಾಧವಾಗಬಹುದು, ಬೇಡ. ಅದರ ಬದಲು ಆಯಾ ದೇಶ ಪ್ರಕಟಿಸಿರುವ ವಿನ್ಯಾಸ ಕೈಪಿಡಿ ಓದಿ. ಬ್ರಿಟನ್, ಅಮೆರಿಕ, ಫ್ರಾನ್ಸ್, ಸಿಂಗಪುರ ತಮ್ಮ ಪೋರ್ಟಲ್‌ಗಳ ಗುಂಡಿ, ಪೆಟ್ಟಿಗೆ, ದೋಷ ಸಂದೇಶ ಎಲ್ಲವನ್ನೂ ಕೋಡ್ ಸಮೇತ ಬಹಿರಂಗವಾಗಿಟ್ಟಿವೆ. ಕೆಲವು ತಾಣಗಳು ವಿದೇಶಿ ವಿಳಾಸಗಳಿಗೆ ತೆರೆಯುವುದೇ ಇಲ್ಲ. ಅದನ್ನು ‘ಕೆಟ್ಟಿದೆ’ ಎಂದು ಬರೆಯಬೇಡಿ, ‘ತೆರೆಯಲಿಲ್ಲ’ ಎಂದು ಬರೆಯಿರಿ. ಪ್ರತಿ ಪುಟದ ಚಿತ್ರ ತೆಗೆದು ದಿನಾಂಕ ಹಾಕಿಡಿ. ನೀವು ವರದಿ ಒಪ್ಪಿಸುವಷ್ಟರಲ್ಲಿ ಪುಟ ಬದಲಾಗಿರುವ ಸಂಭವ ಚೆನ್ನಾಗಿಯೇ ಇದೆ.

ಪ್ರಶ್ನೆ: ಬ್ರಿಟನ್ನಿನ ಗವ್.ಯುಕೆ ತಾಣವನ್ನು ಎಲ್ಲರೂ ಹೊಗಳುತ್ತಾರೆ. ತೆರೆದು ನೋಡಿದರೆ ಬರೀ ಅಕ್ಷರ, ಬೋಳು ಬೋಳು. ಅದರಲ್ಲಿ ಅಂಥದ್ದೇನಿದೆ?

ಉತ್ತರ: ಆ ಬೋಳುತನಕ್ಕೇ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಿತು! 2012ರ ಅಕ್ಟೋಬರ್‌ನಲ್ಲಿ ಗವ್.ಯುಕೆ ಶುರುವಾದಾಗ ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಎಂಬ ಎರಡು ಹಳೆಯ ತಾಣಗಳ ಜಾಗಕ್ಕೆ ಬಂತು. ಮುಂದಿನ ಎರಡು ವರ್ಷಗಳಲ್ಲಿ ಸಚಿವಾಲಯಗಳೂ 300ಕ್ಕೂ ಹೆಚ್ಚು ಸಂಸ್ಥೆಗಳೂ ತಮ್ಮ ತಮ್ಮ ತಾಣ ಮುಚ್ಚಿ ಇದರೊಳಗೆ ಸೇರಿದವು. ಯಾವ ಇಲಾಖೆ ಯಾವ ಕೆಲಸ ನೋಡುತ್ತದೆ ಎಂಬುದನ್ನು ನಾಗರಿಕ ತಿಳಿದಿರಬೇಕಿಲ್ಲ ಎಂಬುದು ಅದರ ತಳಹದಿ. ಅಕ್ಷರಶೈಲಿ ಕೂಡ ಬ್ರಿಟನ್ನಿನ ರಸ್ತೆ ಫಲಕಗಳಿಗೆ ರೂಪಿಸಿದ್ದ ಶೈಲಿಯ ಹೊಸ ಅವತಾರ. ಓಡುವ ವಾಹನದಿಂದ ಓದಬಲ್ಲ ಅಕ್ಷರ ಫೋನಿನ ಪರದೆಗೂ ಒಗ್ಗಿತು.

ಅರ್ಜಿಗಳಲ್ಲಿ ಅವರ ಮುಖ್ಯ ಸೂತ್ರ ‘ಒಂದು ಪುಟಕ್ಕೆ ಒಂದೇ ವಿಷಯ’. ಇಪ್ಪತ್ತು ಪ್ರಶ್ನೆಗಳ ಉದ್ದನೆಯ ಹಾಳೆಯ ಬದಲು ಒಂದೊಂದೇ ಪ್ರಶ್ನೆ. ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಹುಡುಕಬೇಕಿಲ್ಲ. ‘ಮಕ್ಕಳಿಲ್ಲ’ ಎಂದು ಉತ್ತರಿಸಿದವರಿಗೆ ಮಕ್ಕಳ ಬಗೆಗಿನ ಮುಂದಿನ ಪ್ರಶ್ನೆಗಳು ಕಾಣಿಸುವುದೇ ಇಲ್ಲ. ಎಷ್ಟನೇ ಪ್ರಶ್ನೆಗೆ ಜನ ಬಿಟ್ಟು ಹೋಗುತ್ತಾರೆಂದು ತಾಣ ನಡೆಸುವವರಿಗೂ ಗೊತ್ತಾಗುತ್ತದೆ. ಕೊನೆಗೆ ‘ನಿಮ್ಮ ಉತ್ತರಗಳನ್ನು ಪರಿಶೀಲಿಸಿ’ ಎಂಬ ಪುಟ ಬರುತ್ತದೆ, ಪ್ರತಿ ಸಾಲಿನ ಎದುರು ‘ಬದಲಿಸಿ’ ಕೊಂಡಿ ಸಮೇತ. ಸೂತ್ರವನ್ನು ನಕಲು ಮಾಡಿದ ಹಲವರು ಈ ಕೊನೆಯ ಪುಟವನ್ನು ಕೈಬಿಟ್ಟಿದ್ದಾರೆ. ಆಗ ಅರ್ಜಿದಾರನಿಗೆ ಉಳಿಯುವುದು ಹಿಂದೆ ಮುಂದೆ ಅಲೆಯುವ ಗೋಳು ಮಾತ್ರ.

ಕುಂದಿಲ್ಲವೆಂದಲ್ಲ. ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿದ್ದರಿಂದ ಸಾಮಾನ್ಯ ನಾಗರಿಕನ ಕೆಲಸ ಸಲೀಸಾಯಿತು. ಆದರೆ ಒಂದು ನಿಯಮದ ಉಪನಿಯಮ ಹುಡುಕುವ ಪರಿಣತರಿಗೆ ಹಳೆಯ ಇಲಾಖಾ ತಾಣಗಳೇ ಹೆಚ್ಚು ಅನುಕೂಲವಾಗಿದ್ದವು.

ಪ್ರಶ್ನೆ: ಎಸ್ಟೋನಿಯಾದಲ್ಲಿ ಸರ್ಕಾರಿ ಅರ್ಜಿ ತೆರೆದರೆ ಹೆಸರು, ವಿಳಾಸ ಎಲ್ಲ ಮೊದಲೇ ತುಂಬಿರುತ್ತದಂತೆ. ಅದೇ ವಿನ್ಯಾಸವನ್ನು ಬೇರೆ ದೇಶಗಳು ಯಾಕೆ ಎತ್ತಿಕೊಳ್ಳುವುದಿಲ್ಲ?

ಉತ್ತರ: ಎತ್ತಿಕೊಳ್ಳಬಹುದಾದದ್ದು ಪರದೆ ಮಾತ್ರ. ಅದರ ಹಿಂದಿರುವ ಕೊಳಾಯಿ ಜಾಲ ಬರುವುದಿಲ್ಲ. ಎಸ್ಟೋನಿಯಾ 2001ರಲ್ಲಿ ಎಕ್ಸ್-ರೋಡ್ ಎಂಬ ವಿನಿಮಯ ವ್ಯವಸ್ಥೆ ಹಾಕಿತು. ದೊಡ್ಡದೊಂದು ದತ್ತಕಣಜ ಕಟ್ಟಿ ಎಲ್ಲವನ್ನೂ ಅದರಲ್ಲಿ ಸುರಿದಿಲ್ಲ. ಜನಸಂಖ್ಯಾ ದಾಖಲೆ ಅದರ ಜಾಗದಲ್ಲಿ, ವಾಹನ ದಾಖಲೆ ಅದರ ಜಾಗದಲ್ಲಿ. ಒಂದು ಇಲಾಖೆಗೆ ಬೇಕಾದಾಗ ಇನ್ನೊಂದನ್ನು ಕೇಳುತ್ತದೆ. ಪ್ರಶ್ನೆಗೂ ಉತ್ತರಕ್ಕೂ ಡಿಜಿಟಲ್ ಸಹಿ ಬೀಳುತ್ತದೆ, ಲೆಕ್ಕ ಉಳಿಯುತ್ತದೆ. 2002ರಲ್ಲಿ ಚಿಪ್ ಇರುವ ಗುರುತಿನ ಚೀಟಿ ಬಂತು. ಪ್ರತಿಯೊಬ್ಬರಿಗೂ 11 ಅಂಕಿಗಳ ಸಂಖ್ಯೆ ಮೊದಲೇ ಇತ್ತು. ಇಷ್ಟೆಲ್ಲ ಕೂಡಿದ ಮೇಲೆಯೇ ‘ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬಾರದು’ ಎಂಬ ತತ್ವ ಪರದೆಗೆ ಬರಲು ಸಾಧ್ಯವಾಯಿತು. ನನ್ನ ದಾಖಲೆಯನ್ನು ಯಾವ ಕಚೇರಿ ತೆಗೆದು ನೋಡಿತು ಎಂಬುದನ್ನು ನಾಗರಿಕನೇ ಪೋರ್ಟಲ್‌ನಲ್ಲಿ ಪರಿಶೀಲಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಮೊದಲೇ ತುಂಬಿದ ಅರ್ಜಿಗಿಂತ ಇದು ದೊಡ್ಡ ವಿನ್ಯಾಸ.

ಜರ್ಮನಿಯ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. 2017ರ ಅಲ್ಲಿನ ಕಾನೂನು ಆಡಳಿತ ಸೇವೆಗಳನ್ನೆಲ್ಲ 2022ರ ಕೊನೆಯೊಳಗೆ ಆನ್‌ಲೈನ್‌ಗೆ ತರಬೇಕೆಂದಿತು. ಅವನ್ನು 575 ಗುಂಪುಗಳಾಗಿ ವಿಂಗಡಿಸಿದರು. ಗಡುವು ಮುಗಿದಾಗ ಗುರಿ ತುಂಬ ದೂರವಿತ್ತು. ಒಕ್ಕೂಟ, ರಾಜ್ಯ, ಪುರಸಭೆ ಮೂರು ಹಂತಗಳಲ್ಲೂ ಬೇರೆ ಬೇರೆ ದಾಖಲೆ, ಬೇರೆ ಬೇರೆ ತಂತ್ರಾಂಶ. ಮುಂದೆ ಕಾಣುವ ಅರ್ಜಿ ಆನ್‌ಲೈನ್ ಆದರೂ ಅದರ ಹಿಂದಿರುವ ಕಚೇರಿ ಅದನ್ನು ಮುದ್ರಿಸಿ ಕಡತಕ್ಕೆ ಹಾಕಿದರೆ ಯಾವ ಕೆಲಸ ಬೇಗವಾದೀತು? ಇಲಾಖೆಗಳ ದಾಖಲೆಗಳನ್ನು ಬೆಸೆಯಲು ತೆರಿಗೆ ಗುರುತು ಸಂಖ್ಯೆಯನ್ನೇ ಕೀಲಿಯಾಗಿ ಬಳಸುವ ಕಾನೂನು ಅಲ್ಲಿ ಆದದ್ದು 2021ರಲ್ಲಿ.

ಬೆಸೆದ ವ್ಯವಸ್ಥೆಗೂ ಅಪಾಯವಿದೆ. 2017ರಲ್ಲಿ ಎಸ್ಟೋನಿಯಾದ ಚೀಟಿಗಳ ಚಿಪ್‌ನಲ್ಲಿ ಗೂಢಲಿಪಿಯ ದೋಷ ಕಂಡಿತು. ಏಳು ಲಕ್ಷಕ್ಕೂ ಹೆಚ್ಚು ಚೀಟಿಗಳು ಅದಕ್ಕೆ ಒಳಪಟ್ಟಿದ್ದವು. ನವೆಂಬರ್‌ನಲ್ಲಿ ಅವುಗಳ ಪ್ರಮಾಣಪತ್ರಗಳನ್ನು, ಅಂದರೆ ಆನ್‌ಲೈನ್‌ನಲ್ಲಿ ಗುರುತು ಸಾಬೀತುಪಡಿಸುವ ಡಿಜಿಟಲ್ ಭಾಗವನ್ನು, ಅಮಾನತು ಮಾಡಿದರು. ಒಂದೇ ಕೀಲಿಗೆ ಎಲ್ಲ ಬಾಗಿಲೂ ತೆರೆಯುವಾಗ ಎರಡನೆಯ ಕೀಲಿ ಜೇಬಿನಲ್ಲಿರಬೇಕು. ಅಲ್ಲಿ ಫೋನಿನ ಸಿಮ್ ಆಧರಿಸಿದ ಗುರುತು ಆಗಲೇ ಬಳಕೆಯಲ್ಲಿದ್ದದ್ದರಿಂದ ಕೆಲಸ ಪೂರ್ತಿ ನಿಲ್ಲಲಿಲ್ಲ.

ಪ್ರಶ್ನೆ: ಸಂಸ್ಥೆಯೊಂದರ ನಾಗರಿಕ ಸೇವಾ ತಾಣ ರೂಪಿಸುವ ತಂಡದಲ್ಲಿದ್ದೇನೆ. ಲಾಗಿನ್ ಮೊದಲೇ ಇಡಬೇಕು ಎನ್ನುತ್ತಾರೆ ಮೇಲಿನವರು, ‘ಸುರಕ್ಷತೆ’ಯ ಕಾರಣ ಕೊಟ್ಟು. ಸರಿಯೇ?

ಉತ್ತರ: 2013ರ ಅಕ್ಟೋಬರ್ 1ರಂದು ಶುರುವಾದ ಅಮೆರಿಕದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್.ಗವ್ ಉದಾಹರಣೆ ಕೊಡಿ. ವಿಮಾ ಯೋಜನೆಗಳ ದರ ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕಿತ್ತು. ಸುಮ್ಮನೆ ನೋಡಿ ಹೋಗಲು ಬಂದ ಲಕ್ಷಾಂತರ ಜನರೆಲ್ಲ ಖಾತೆ ತೆರೆಯುವ ಒಂದೇ ಕಿಂಡಿಯ ಮುಂದೆ ನಿಂತರು. ಅದು ಕುಸಿಯಿತು. ಮೊದಲ ದಿನ ನೋಂದಣಿ ಪೂರ್ಣಗೊಳಿಸಿದವರು ಆರು ಜನ. ದೋಷಗಳು ಬೇರೆಯೂ ಇದ್ದವು: ಬೇರೆ ಬೇರೆ ಗುತ್ತಿಗೆದಾರರು ಕಟ್ಟಿದ ಭಾಗಗಳನ್ನು ಜೋಡಿಸಿ ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸಲು ಸಿಕ್ಕ ಸಮಯ ತೀರಾ ಕಡಿಮೆ. ಆದರೆ ಲಾಗಿನ್ ಮೊದಲಿಟ್ಟದ್ದು ಎಲ್ಲ ಭಾರವನ್ನೂ ಅತ್ಯಂತ ದುರ್ಬಲ ಜಾಗಕ್ಕೆ ತಂದು ಹೇರಿತು. ಆಮೇಲೆ ಖಾತೆಯಿಲ್ಲದೆ ಯೋಜನೆ ನೋಡುವ ದಾರಿ ಬಿಟ್ಟರು.

ಅನುಕ್ರಮ ಹೀಗಿರಲಿ: ಮಾಹಿತಿ ಎಲ್ಲರಿಗೂ ತೆರೆದಿರಲಿ. ‘ನಾನು ಅರ್ಹನೇ?’ ಎಂಬ ಪರೀಕ್ಷೆಗೆ ಹೆಸರೂ ಬೇಡ. ಅರ್ಜಿ ತುಂಬಲು ಶುರುಮಾಡಿದಾಗ ಉಳಿಸಿಟ್ಟುಕೊಳ್ಳಲು ಮಿಂಚಂಚೆ ಅಥವಾ ಫೋನ್ ಸಂಖ್ಯೆ ಸಾಕು. ಗುರುತಿನ ಪೂರ್ಣ ಪರಿಶೀಲನೆ ಸಲ್ಲಿಸುವ ಹೊತ್ತಿಗೆ, ಅಥವಾ ಸರ್ಕಾರದ ಬಳಿಯಿರುವ ವೈಯಕ್ತಿಕ ಮಾಹಿತಿಯನ್ನು ಪರದೆಗೆ ತರುವ ಮುಂಚಿನ ಕ್ಷಣದಲ್ಲಿ. ಒಂದು ವಿನಾಯಿತಿಯಿದೆ. ಸಿಂಗಪುರದಲ್ಲಿ 2003ರಿಂದ ಸಿಂಗ್‌ಪಾಸ್ ಎಂಬ ಸರ್ಕಾರಿ ಲಾಗಿನ್ ಇದೆ. ಅದರಿಂದ ಒಳಬಂದರೆ ಮೈಇನ್ಫೋ ಸೌಲಭ್ಯ ಅರ್ಜಿಯ ಬಹುಪಾಲನ್ನು ತಾನೇ ತುಂಬುತ್ತದೆ. ಲಾಗಿನ್‌ನಿಂದ ಬಳಕೆದಾರನಿಗೆ ಆ ಕ್ಷಣವೇ ಲಾಭ ಸಿಗುವುದಾದರೆ ಅದನ್ನು ಮುಂದೆ ಇಡಬಹುದು.

ಪ್ರಶ್ನೆ: ಹಲವು ಭಾಷೆಗಳ ದೇಶಗಳು ಪೋರ್ಟಲ್‌ನಲ್ಲಿ ಭಾಷೆಯನ್ನು ಹೇಗೆ ನಿಭಾಯಿಸುತ್ತವೆ? ಭಾರತೀಯ ಲಿಪಿಗಳಿಗೆ ವಿಶೇಷ ತೊಡಕುಗಳೇನು?

ಉತ್ತರ: ಅತ್ಯಂತ ಕಟ್ಟುನಿಟ್ಟು ಕೆನಡಾದ್ದು. ಇಂಗ್ಲಿಷ್, ಫ್ರೆಂಚ್ ಎರಡೂ ಕಾನೂನಿನಲ್ಲಿ ಸಮಾನ. ಬಲ ಮೇಲ್ತುದಿಯ ಭಾಷಾಗುಂಡಿ ಒತ್ತಿದರೆ ನೀವಿದ್ದ ಅದೇ ಪುಟ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಸಣ್ಣ ವಿಷಯವೆನಿಸಬಹುದು. ಆದರೆ ಹಲವಾರು ತಾಣಗಳಲ್ಲಿ ಭಾಷೆ ಬದಲಿಸಿದ ಕೂಡಲೇ ಮುಖಪುಟಕ್ಕೆ ಎಸೆಯಲ್ಪಡುತ್ತೀರಿ. ಅರ್ಧ ತುಂಬಿದ ಅರ್ಜಿ ಹೋಯಿತು. ಸ್ವಿಟ್ಜರ್‌ಲೆಂಡಿನ ಸಿಎಚ್.ಸಿಎಚ್ ಜರ್ಮನ್, ಫ್ರೆಂಚ್, ಇಟಾಲಿಯನ್, ರೋಮಾನ್ಷ್ ಮತ್ತು ಇಂಗ್ಲಿಷ್ ಐದರಲ್ಲೂ ಇದೆ. ರೋಮಾನ್ಷ್ ಮಾತಾಡುವವರು ಜನಸಂಖ್ಯೆಯ ಶೇ 1ಕ್ಕಿಂತ ಕಡಿಮೆ. ಅವರು ಇದನ್ನು ಸಾಧಿಸಿದ್ದು ಪುಟಗಳನ್ನು ಚಿಕ್ಕದಾಗಿ, ಸಂಖ್ಯೆಯಲ್ಲಿ ಮಿತವಾಗಿ ಇಟ್ಟು. ವಿವರ ಬೇಕಾದವರಿಗೆ ಸಂಬಂಧಿಸಿದ ಕಚೇರಿಯ ಕೊಂಡಿಯಿದೆ. ಹತ್ತು ಸಾವಿರ ಪುಟ ಅನುವಾದಿಸುವ ಪ್ರತಿಜ್ಞೆ ಮಾಡಿ ನೂರಕ್ಕೆ ನಿಲ್ಲುವುದಕ್ಕಿಂತ ಇದು ಪ್ರಾಮಾಣಿಕ ದಾರಿ.

ಭಾರತೀಯ ಲಿಪಿಗಳಲ್ಲಿ ಮೊದಲು ಕೆಡುವುದು ಸಾಲಿನ ಎತ್ತರ. ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯೊಳಗೆ ಕನ್ನಡದ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಅಕ್ಷರದ ಅಳತೆಯ 1.6 ಪಟ್ಟು ಸಾಲೆತ್ತರ ಕೊಟ್ಟು, ಗುಂಡಿಯ ಎತ್ತರವನ್ನು ಸ್ಥಿರವಾಗಿಡದೆ ಒಳಗಿನ ಪಠ್ಯಕ್ಕೆ ತಕ್ಕಂತೆ ಬೆಳೆಯಲು ಬಿಡಿ. ‘ಸ್ತ್ರೀ’, ‘ರಾಷ್ಟ್ರೀಯ’ ಇಂಥ ಪದಗಳನ್ನು ಹಾಕಿ ಪರೀಕ್ಷಿಸಿ. ಎರಡನೆಯದು ಉದ್ದ. ಆಡಳಿತ ಕನ್ನಡದ ಒಂದು ಪದ ಇಂಗ್ಲಿಷಿನ ಮೂರು ಪದಗಳನ್ನು ನುಂಗಿ ಕೂತಿರುತ್ತದೆ, ನಡುವೆ ಮುರಿಯಲು ಜಾಗವಿಲ್ಲ. ಕಿರಿದಾದ ಕಾಲಂನಿಂದ ಹೊರಗೆ ಚಾಚುತ್ತದೆ. ಅದಕ್ಕೆ ಪರಿಹಾರ ತಂತ್ರಾಂಶದಲ್ಲಿಲ್ಲ, ಚಿಕ್ಕ ಪದ ಬಳಸುವುದರಲ್ಲಿದೆ. ಮೂರನೆಯದು, ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತ ಬಳಕೆಗೆ ಬರುವ ಪೂರ್ವದ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್‌ಗಳು. ಕಣ್ಣಿಗೆ ಕನ್ನಡ, ಒಳಗೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಹುಡುಕುತಾಣಕ್ಕೆ ಸಿಗುವುದಿಲ್ಲ, ಅಂಧರ ಓದುಯಂತ್ರ ಅರ್ಥವಿಲ್ಲದ್ದನ್ನು ಉಸುರುತ್ತದೆ. ಕಡತದಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಪುಟದ ಕೋಡ್‌ನಲ್ಲಿ ಭಾಷೆ ಯಾವುದೆಂದು ಘೋಷಿಸದಿದ್ದರೂ ಓದುಯಂತ್ರಕ್ಕೆ ಕನ್ನಡದ ದನಿ ಆರಿಸಲು ತಿಳಿಯುವುದಿಲ್ಲ.

ಭಾರತ ಸರ್ಕಾರದ ತಾಣಗಳಿಗೆ 2009ರಿಂದ ಮಾರ್ಗಸೂಚಿಗಳಿವೆ. 2023ರ ಮೂರನೆಯ ಆವೃತ್ತಿ ಸುಗಮ್ಯತೆಯ ಜಾಗತಿಕ ಮಾನದಂಡಕ್ಕೆ ಹೊಂದಿಕೊಂಡಿದೆ. ಕೊರತೆ ನಿಯಮದ್ದಲ್ಲ.

ಪ್ರಶ್ನೆ: ಆನ್‌ಲೈನ್ ಅರ್ಜಿಯಲ್ಲಿ ಜನ ಹೆಚ್ಚು ತಪ್ಪು ಮಾಡುವುದು ಎಲ್ಲಿ? ತಡೆಯುವುದು ಹೇಗೆ?

ಉತ್ತರ: ಮೂರು ಕಡೆ ನೋಡಿ. ದಿನಾಂಕ: ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ಕೊಡಬೇಡಿ. 70 ವರ್ಷದವರು ತಿಂಗಳು ತಿಂಗಳಾಗಿ ಹಿಂದೆ ಹೋದರೆ 840 ಸಲ ಒತ್ತಬೇಕು! ದಿನ, ತಿಂಗಳು, ವರ್ಷಕ್ಕೆ ಮೂರು ಪೆಟ್ಟಿಗೆ ಸಾಕು. ಭೇಟಿಯ ಸಮಯ ಕಾಯ್ದಿರಿಸುವಂಥ ಹತ್ತಿರದ ದಿನಾಂಕಕ್ಕೆ ಕ್ಯಾಲೆಂಡರ್ ಸರಿ.

ಸಂಖ್ಯೆ: ಗುರುತಿನ ಸಂಖ್ಯೆ, ಖಾತೆ ಸಂಖ್ಯೆಗಳಿಗೆ ‘ನಂಬರ್’ ಮಾದರಿಯ ಪೆಟ್ಟಿಗೆ ಬಳಸಬಾರದು. ಮೌಸಿನ ಚಕ್ರ ತಿರುಗಿಸಿದಾಗ ಕೆಲವು ಬ್ರೌಸರ್‌ಗಳಲ್ಲಿ ಅಂಕಿ ಸದ್ದಿಲ್ಲದೆ ಏರಿಳಿಯುತ್ತದೆ. ಬ್ರಿಟನ್ನಿನ ಕೈಪಿಡಿ ಇದನ್ನು ಕಂಡುಕೊಂಡು, ಸಾಮಾನ್ಯ ಪಠ್ಯಪೆಟ್ಟಿಗೆಗೆ ಅಂಕಿಗಳ ಕೀಲಿಮಣೆ ಮಾತ್ರ ಜೋಡಿಸಿ ಎಂದು ಹೇಳುತ್ತದೆ. ಜನ ನಡುವೆ ಜಾಗ ಬಿಟ್ಟು ಬರೆದರೆ ತಿರಸ್ಕರಿಸದೆ ಆ ಜಾಗವನ್ನು ಯಂತ್ರವೇ ತೆಗೆದುಹಾಕಲಿ. ಜಪಾನಿನ ಅರ್ಜಿಗಳಲ್ಲಿ ಪೂರ್ಣಾಗಲದ ಅಂಕಿ (１), ಅರ್ಧಾಗಲದ ಅಂಕಿ (1) ಎಂಬ ಭೇದಕ್ಕೆ ಬಳಕೆದಾರ ಬೈಸಿಕೊಳ್ಳುವುದೂ ಇದೇ ಜಾತಿಯ ತಪ್ಪು, ಯಂತ್ರ ಪರಿವರ್ತಿಸಬಹುದಾದದ್ದನ್ನು ಮನುಷ್ಯನ ಮೇಲೆ ಹಾಕುವುದು.

ಹೆಸರು: ‘ಕೊನೆಯ ಹೆಸರು ಕಡ್ಡಾಯ’ ಎಂದರೆ ಒಂದೇ ಹೆಸರಿರುವವರು ಚುಕ್ಕಿ ಹಾಕುತ್ತಾರೆ, ಅಥವಾ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಮುಂದೆ ಯಾವ ದಾಖಲೆಗೂ ಹೊಂದುವುದಿಲ್ಲ. ‘ಪೂರ್ಣ ಹೆಸರು’ ಎಂಬ ಒಂದೇ ಪೆಟ್ಟಿಗೆ ಇಡಿ.

ದೋಷ ಸಂದೇಶ ‘ಅಮಾನ್ಯ ನಮೂದು’ ಎಂದಿದ್ದರೆ ಯಾರಿಗೂ ಪ್ರಯೋಜನವಿಲ್ಲ. ‘ಹುಟ್ಟಿದ ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಬರೆಯಿರಿ’ ಎಂದಿರಲಿ. ಪುಟದ ಮೇಲ್ಭಾಗದಲ್ಲೂ ಪೆಟ್ಟಿಗೆಯ ಪಕ್ಕದಲ್ಲೂ ಒಂದೇ ಮಾತುಗಳಲ್ಲಿ.

ಪ್ರಶ್ನೆ: ವಿಶ್ವಸಂಸ್ಥೆಯ ಇ-ಆಡಳಿತ ಶ್ರೇಯಾಂಕದಲ್ಲಿ ಮೇಲಿರುವ ದೇಶದ ಪೋರ್ಟಲ್ಲೇ ಉತ್ತಮ ಎನ್ನಬಹುದೇ?

ಉತ್ತರ: ಎನ್ನಲಾಗದು. ಎರಡು ವರ್ಷಕ್ಕೊಮ್ಮೆ 193 ದೇಶಗಳಿಗೆ ಕೊಡುವ ಆ ಸೂಚ್ಯಂಕದಲ್ಲಿ ಮೂರು ಸಮಪಾಲುಗಳಿವೆ: ಆನ್‌ಲೈನ್ ಸೇವೆ, ದೂರಸಂಪರ್ಕ ಸೌಕರ್ಯ, ಮಾನವ ಬಂಡವಾಳ (ಮುಖ್ಯವಾಗಿ ಜನರ ಶಿಕ್ಷಣದ ಮಟ್ಟ). ಅಂದರೆ ಅಂಕಗಳ ಮೂರನೇ ಎರಡು ಭಾಗ ಪೋರ್ಟಲ್‌ಗೆ ಸಂಬಂಧಿಸಿದ್ದೇ ಅಲ್ಲ. 2024ರಲ್ಲಿ ಡೆನ್ಮಾರ್ಕ್, ಎಸ್ಟೋನಿಯಾ, ಸಿಂಗಪುರ ಮೊದಲ ಮೂರು ಸ್ಥಾನಗಳಲ್ಲಿದ್ದವು, ಭಾರತ 97ರಲ್ಲಿತ್ತು. ವಿನ್ಯಾಸ ಹೋಲಿಸಲು ಆನ್‌ಲೈನ್ ಸೇವಾ ಉಪಸೂಚ್ಯಂಕವನ್ನಷ್ಟೇ ಬಿಡಿಸಿ ತೆಗೆದುಕೊಳ್ಳಿ.

ಪ್ರಶ್ನೆ: ಸರ್ಕಾರಿ ತಾಣದ ನಕಲಿಯನ್ನು ಗುರುತಿಸಲು ದೇಶಗಳು ಏನು ಉಪಾಯ ಮಾಡಿವೆ?

ಉತ್ತರ: ಅಮೆರಿಕ ಮತ್ತು ಸಿಂಗಪುರ ಪ್ರತಿ ಪುಟದ ನೆತ್ತಿಯಲ್ಲಿ ತೆಳ್ಳನೆ ಪಟ್ಟಿ ಹಾಕುತ್ತವೆ: ಇದು ಅಧಿಕೃತ ತಾಣ, ಗುರುತಿಸುವುದು ಹೇಗೆಂದು ಇಲ್ಲಿ ಒತ್ತಿ. ಪಟ್ಟಿಯನ್ನು ನಕಲಿಯೂ ಹಾಕಿಕೊಳ್ಳಬಹುದು. ಅದರ ಉಪಯೋಗ ವಿಳಾಸದ ಕೊನೆ ನೋಡಲು ಜನರನ್ನು ರೂಢಿಸುವುದು. ಅಮೆರಿಕದಲ್ಲಿ ಡಾಟ್ ಗವ್, ಸಿಂಗಪುರದಲ್ಲಿ ಡಾಟ್ ಗವ್ ಡಾಟ್ ಎಸ್‌ಜಿ, ಭಾರತದಲ್ಲಿ ಡಾಟ್ ಗವ್ ಡಾಟ್ ಇನ್. ಶುರುವಿನ ‘https://’ ಬಿಟ್ಟು, ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ನಡುವೆ ಎಲ್ಲೋ ‘ಗವ್’ ಎಂದಿದ್ದರೆ ಲೆಕ್ಕಕ್ಕಿಲ್ಲ. ಬೀಗದ ಚಿಹ್ನೆ ಸಂಪರ್ಕ ಗೂಢವೆಂದಷ್ಟೇ ಹೇಳುತ್ತದೆ, ಆಚೆ ತುದಿಯಲ್ಲಿ ಯಾರಿದ್ದಾರೆಂದಲ್ಲ. ಡೆನ್ಮಾರ್ಕಿನ ಬೋರ್ಗರ್.ಡಿಕೆ, ಎಸ್ಟೋನಿಯಾದ ಈಸ್ತಿ.ಇಇ ವಿಳಾಸಗಳಲ್ಲಿ ‘ಗವ್’ ಇಲ್ಲವೇ ಇಲ್ಲ. ಅಲ್ಲಿ ಹೆಸರನ್ನೇ ನೆನಪಿಡಬೇಕು.

ಪ್ರಶ್ನೆ: ತಂದೆಗೆ 78 ವರ್ಷ. ಎಲ್ಲ ಸೇವೆ ಆನ್‌ಲೈನ್ ಆದರೆ ಇಂಥವರ ಗತಿಯೇನು? ಬೇರೆ ದೇಶಗಳು ಇದಕ್ಕೆ ದಾರಿ ಇಟ್ಟಿವೆಯೇ?

ಉತ್ತರ: ಡೆನ್ಮಾರ್ಕ್ 2014ರ ನವೆಂಬರ್‌ನಿಂದ 15 ವರ್ಷ ದಾಟಿದವರಿಗೆಲ್ಲ ಸರ್ಕಾರಿ ಪತ್ರಗಳನ್ನು ಡಿಜಿಟಲ್ ಅಂಚೆಯಲ್ಲೇ ಕಳಿಸುತ್ತದೆ. ಆದರೆ ಅಂಗವೈಕಲ್ಯವಿರುವವರು, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅರ್ಜಿ ಕೊಟ್ಟು ವಿನಾಯಿತಿ ಪಡೆಯಬಹುದು. ಅವರಿಗೆ ಪತ್ರ ಕಾಗದದಲ್ಲೇ ಬರುತ್ತದೆ. 2021ರಲ್ಲಿ ಬಂದ ಅಲ್ಲಿನ ಹೊಸ ಗುರುತು ವ್ಯವಸ್ಥೆ ಮಿಟ್‌ಐಡಿಗೆ ಸ್ಮಾರ್ಟ್‌ಫೋನ್ ಇರಲೇಬೇಕೆಂದಿಲ್ಲ. ಅಂಕಿ ತೋರಿಸುವ ಪುಟ್ಟ ಸಾಧನವಿದೆ, ಕಣ್ಣು ಕಾಣದವರಿಗೆ ಅಂಕಿಯನ್ನು ಓದಿ ಹೇಳುವ ಸಾಧನವೂ ಇದೆ. ಇನ್ನೊಂದು ಅನುಕೂಲ ಹೆಚ್ಚು ಸುದ್ದಿಯಾಗಿಲ್ಲ: ತಂದೆಯ ಡಿಜಿಟಲ್ ಅಂಚೆಯನ್ನು ಮಗ ಅಥವಾ ಮಗಳು ತಮ್ಮದೇ ಲಾಗಿನ್‌ನಿಂದ ಓದಲು ತಂದೆ ಅನುಮತಿ ಕೊಡಬಹುದು, ಬೇಡವೆನಿಸಿದಾಗ ಹಿಂಪಡೆಯಬಹುದು. ಇಂಥ ದಾರಿಯಿಲ್ಲದ ಕಡೆ ಜನ ಹೆತ್ತವರ ಪಾಸ್‌ವರ್ಡನ್ನೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಅವರ ಹೆಸರಲ್ಲೇ ಒಳಹೋಗುತ್ತಾರೆ. ಆಮೇಲೆ ಯಾವ ಗುಂಡಿಯನ್ನು ಯಾರು ಒತ್ತಿದರೆಂಬ ಪ್ರಶ್ನೆ ಬಂದರೆ ದಾಖಲೆಯಲ್ಲಿ ಸಿಗುವುದು ತಂದೆಯ ಹೆಸರೊಂದೇ.